ಟಿಬಿ ಚರ್ಮ ಪರೀಕ್ಷೆ ಎರಡೆರಡು ಸಲ ಯಾಕೆ?

ಪ್ರಶ್ನೆ: ಹೊಸದಾಗಿ ಸೇರುವ ಆಸ್ಪತ್ರೆ ಸಿಬ್ಬಂದಿಗೆ ಮೊದಲ ಮಾಂಟೂ (ಟಿಬಿ ಚರ್ಮ ಪರೀಕ್ಷೆ) ನೆಗೆಟಿವ್ ಬಂದರೂ ಇನ್ನೊಮ್ಮೆ ಚುಚ್ಚಬೇಕಾ? ಬಿಸಿಜಿ (ಟಿಬಿ ಲಸಿಕೆ) ಹಾಕಿಸಿಕೊಂಡವರಿಗೆ?

ಉತ್ತರ 1: ಹೌದು. ಸೋಂಕು ಹಳೆಯದಾಗಿದ್ದರೆ ಪ್ರತಿಕ್ರಿಯೆ ಮಂಕಾಗಿರುತ್ತೆ, ಮೊದಲ ಚುಚ್ಚು ಅದನ್ನು ಎಬ್ಬಿಸುತ್ತೆ. 1–3 ವಾರದಲ್ಲಿ ಎರಡನೆಯದು ಮಾಡದಿದ್ದರೆ, ಮುಂದೆಂದೋ ಪಾಸಿಟಿವ್ ಬಂದಾಗ ವಾರ್ಡಿನಲ್ಲೇ ಅಂಟಿತು ಅಂದುಕೊಳ್ತೀರಿ.

ಉತ್ತರ 2: ಎಡವೋದು ಚುಚ್ಚು ಹಾಕುವಾಗ, ಫಲಿತಾಂಶ ಓದುವಾಗ. 0.1 ಮಿ.ಲೀ. ಪರೀಕ್ಷಾ ದ್ರವ ಚರ್ಮದ ಪದರದೊಳಗೇ ಹೋಗಿ 6–10 ಮಿ.ಮೀ. ಗುಳ್ಳೆ ಏಳಬೇಕು. ಏಳಲಿಲ್ಲವೇ, ಆಳಕ್ಕೆ ಹೋಗಿದೆ. ಬೇರೆ ಜಾಗದಲ್ಲಿ ಮತ್ತೆ ಹಾಕಿ. 48–72 ಗಂಟೆಗೆ ಗಟ್ಟಿ ಊತವನ್ನಷ್ಟೇ ಮುಂಗೈಗೆ ಅಡ್ಡಲಾಗಿ ಅಳೆಯಿರಿ. ಬರೀ ಕೆಂಪಾಗಿದ್ದರೆ ಲೆಕ್ಕಕ್ಕಿಲ್ಲ.

ಉತ್ತರ 3: ಬಿಸಿಜಿ ಆದವರಿಗೆ ಇಗ್ರಾ ರಕ್ತಪರೀಕ್ಷೆಯೇ ವಾಸಿ, ಒಂದೇ ಸಲ ಸಾಕು. ಯಾವುದರಲ್ಲಿ ಪಾಸಿಟಿವ್ ಬಂದರೂ ಎದೆಯ ಎಕ್ಸ್‌ರೇ ಮಾಡಿಸಿ, ಕೆಮ್ಮು, ಜ್ವರ, ತೂಕ ಇಳಿಕೆ ವಿಚಾರಿಸಿ.