ಎಲೆ ಅಂಚು ಸುಟ್ಟು ಹೋಗುತ್ತಿದೆ, ಔಷಧಿ ಹೊಡೆದು ಸಾಕಾಯಿತು (ದಾವಣಗೆರೆ)

ಹೊಸಮನೆ_ದಾವಣಗೆರೆ:
ಎಲ್ಲರಿಗೂ ನಮಸ್ಕಾರ. ತಲೆ ಕೆಟ್ಟು ಬರೆಯುತ್ತಿದ್ದೇನೆ. ಮಾಳಿಗೆ ಮೇಲೆ ಗ್ರೋ ಬ್ಯಾಗ್‌ನಲ್ಲಿ ಟೊಮೆಟೊ, ಮುಳಗಾಯಿ, ಬೀನ್ಸ್, ಮೆಣಸಿನಕಾಯಿ ಹಾಕಿದ್ದೇನೆ. ದೊಡ್ಡ ಡ್ರಮ್‌ನಲ್ಲಿ ಒಂದು ನಿಂಬೆ ಗಿಡ ಇದೆ. ಎಲ್ಲದರ ಎಲೆ ಅಂಚೂ ಕಂದು ಬಣ್ಣಕ್ಕೆ ತಿರುಗಿ ಒಣಗುತ್ತಿದೆ. ಕೆಳಗಿನ ಹಳೇ ಎಲೆಯಲ್ಲಿ ಶುರುವಾಗಿ ಮೇಲಕ್ಕೆ ಹೋಗುತ್ತದೆ. ಬೀನ್ಸ್ ಎಲೆಯಂತೂ ಮುಟ್ಟಿದರೆ ಹಪ್ಪಳದ ಹಾಗೆ ಮುರಿಯುತ್ತದೆ. ಟೊಮೆಟೊ ಕಾಯಿ ನಿಂತಿದ್ದೇ ನಾಲ್ಕೈದು, ಅವೂ ತಳ ಕಪ್ಪಾಗಿವೆ.

ಬೇವಿನೆಣ್ಣೆ ಹೊಡೆದೆ. ಗೊಬ್ಬರದ ಅಂಗಡಿಯವರು ಕೊಟ್ಟ ಪುಡಿ ಕಲಸಿ ಹೊಡೆದೆ. ಎರೆಗೊಬ್ಬರ, ಬೇವಿನ ಹಿಂಡಿ ಎಲ್ಲ ಆಯಿತು. ನೀರು ಒಂದು ದಿನವೂ ತಪ್ಪಿಸಿಲ್ಲ. ಮಳೆಗಾಲದಲ್ಲಿ ಮುಳಗಾಯಿ, ನಿಂಬೆ ಎರಡೂ ಚೆಂದ ಇದ್ದವು. ಸಂಕ್ರಾಂತಿ ಕಳೆದ ಮೇಲೆ ಈ ಅವತಾರ. ಮಾರ್ಕೆಟ್‌ನಲ್ಲಿ ತಂದಿದ್ದರೆ ಇದಕ್ಕಿಂತ ಅಗ್ಗಕ್ಕೆ ಸಿಗುತ್ತಿತ್ತು ಅಂತ ಮನೆಯವರು ದಿನಾ ಚುಚ್ಚುತ್ತಾರೆ. ಯಾರಾದರೂ ಸರಿಯಾದ ಔಷಧಿ ಹೆಸರು ಹೇಳಿ, ಸಾಕು.

ಬಾಳೆತೋಟ_ಹರಿಹರ:
ಮೇಡಂ, ಇದಕ್ಕೆ ಔಷಧಿಯೇ ಬೇಡ. ಹಳೇ ಎಲೆ, ಅಂಚಿನಿಂದ ಸುಡುತ್ತಿದೆ ಅಂದರೆ ಪೊಟ್ಯಾಷ್ ಕೊರತೆ. ನಮ್ಮ ಬಾಳೆಯಲ್ಲಿ ಇದನ್ನು ಎಷ್ಟು ನೋಡಿಲ್ಲ! ಬೂದಿ ಹಾಕಿ. ದಾವಣಗೆರೆಯಲ್ಲಿ ಇದ್ದುಕೊಂಡು ಬೂದಿಗೆ ಬರವೇ? ಮಂಡಕ್ಕಿ ಭಟ್ಟಿ ಕಡೆ ಹೋಗಿ ಕೇಳಿ, ಚೀಲಗಟ್ಟಲೆ ಕೊಡುತ್ತಾರೆ.

ದುರ್ಗದ_ಕಲ್ಲುಮಣ್ಣು:
ಫೋಟೊ ಇಲ್ಲದೆ ಹೇಗೆ ಹೇಳೋದು? ಮಣ್ಣಿನ ಮಿಶ್ರಣ ಏನು? ಯಾವ ನೀರು? ಬ್ಯಾಗ್ ತಳದಲ್ಲಿ ನೀರು ಹೊರಗೆ ಬರುತ್ತದಾ?

ಹೊಸಮನೆ_ದಾವಣಗೆರೆ:
ಫೋಟೊ ಅಪ್‌ಲೋಡ್ ಆಗುತ್ತಿಲ್ಲ. ಮಣ್ಣು ಎಲ್ಲರೂ ಹಾಕುವುದೇ, ಕೆಂಪು ಮಣ್ಣು, ಕೋಕೋಪೀಟ್, ಕೊಟ್ಟಿಗೆ ಗೊಬ್ಬರ. ನೀರು ಟ್ಯಾಂಕ್ ನೀರು. ಬೂದಿ ಎಷ್ಟು ಹಾಕಬೇಕು ಹೇಳಿ ಅಣ್ಣಾ.

ಬಾಳೆತೋಟ_ಹರಿಹರ:
ಒಂದು ಬ್ಯಾಗ್‌ಗೆ ಎರಡು ಹಿಡಿ. ಹದಿನೈದು ದಿನ ಬಿಟ್ಟು ಮತ್ತೆ ಎರಡು ಹಿಡಿ.

ಹೊಳಲ್ಕೆರೆ_ಅಡಿಕೆ:
ಸ್ವಲ್ಪ ತಾಳಿ. ಭಟ್ಟಿಯವರು ಸುಡುವುದು ಹೆಚ್ಚಾಗಿ ಭತ್ತದ ಹೊಟ್ಟು. ಹೊಟ್ಟಿನ ಬೂದಿಯಲ್ಲಿ ಬಹುಪಾಲು ಸಿಲಿಕಾ ಇರುತ್ತದೆ, ಪೊಟ್ಯಾಷ್ ಬಹಳ ಕಡಿಮೆ. ಮಣ್ಣು ಹಗುರ ಮಾಡಲು ಚೆನ್ನಾಗಿದೆ, ಪೊಟ್ಯಾಷ್‌ಗೆ ಅಂತ ಹಾಕಿದರೆ ಸುಮ್ನೆ. ಪೊಟ್ಯಾಷ್ ಬೇಕಿದ್ದರೆ ಕಟ್ಟಿಗೆ ಒಲೆಯ ಬೂದಿ ಹಾಕಬೇಕು. ಅದನ್ನೂ ಕೈ ಬಂದಂತೆ ಹಾಕಿದರೆ ಮಣ್ಣಿನ ಕ್ಷಾರ ಏರಿ ಕಬ್ಬಿಣ, ಸತು ಯಾವುದೂ ಗಿಡಕ್ಕೆ ಸಿಗುವುದಿಲ್ಲ.

ಬಾಳೆತೋಟ_ಹರಿಹರ:
ನಮ್ಮ ಅಪ್ಪನ ಕಾಲದಿಂದ ಹೊಟ್ಟಿನ ಬೂದಿಯೇ ಹಾಕುತ್ತಿದ್ದೇವೆ. ಸಿಲಿಕಾ ಪಲಿಕಾ ಯಾರೂ ಕೇಳಿರಲಿಲ್ಲ, ಗೊನೆ ಬರುತ್ತಿತ್ತು.

ಹೊಳಲ್ಕೆರೆ_ಅಡಿಕೆ:
ಹೊಳೆ ದಂಡೆಯ ಮಣ್ಣಿನಲ್ಲಿ ಏನು ಹಾಕಿದರೂ ಗೊನೆ ಬರುತ್ತದೆ ಬಿಡಿ ಅಣ್ಣಾ. ಇಲ್ಲಿ ಮಾತು ಗ್ರೋ ಬ್ಯಾಗ್‌ದು.

ಕರಿಬೇವು_ನಿಟ್ಟುವಳ್ಳಿ:
ಟೊಮೆಟೊ ತಳ ಕಪ್ಪಾಗುವುದಕ್ಕೆ ಕ್ಯಾಲ್ಸಿಯಂ ಕಾರಣ. ಅದನ್ನು ಯಾರೂ ಹೇಳಲೇ ಇಲ್ಲವಲ್ಲ! ಮೊಟ್ಟೆ ಸಿಪ್ಪೆ ಒಣಗಿಸಿ ಮಿಕ್ಸಿಗೆ ಹಾಕಿ ಬುಡಕ್ಕೆ ಹಾಕಿ.

ಹೊಸಮನೆ_ದಾವಣಗೆರೆ:
ಅಕ್ಕಾ, ನಮ್ಮ ಮನೆಗೆ ಮೊಟ್ಟೆ ತರುವ ಹಾಗಿಲ್ಲ. ಅತ್ತೆ ನನ್ನನ್ನೇ ಮಿಕ್ಸಿಗೆ ಹಾಕುತ್ತಾರೆ.

ಕರಿಬೇವು_ನಿಟ್ಟುವಳ್ಳಿ:
ಬೇಕರಿಯವರು ಚೀಲದಲ್ಲಿ ಕಟ್ಟಿ ಎಸೆಯುತ್ತಾರೆ, ಅಲ್ಲಿಂದ ತನ್ನಿ. ಹೊರಗಡೆಯೇ ಪುಡಿ ಮಾಡಿ. ತಿನ್ನುವುದಲ್ಲವಲ್ಲ.

ಹೊಳಲ್ಕೆರೆ_ಅಡಿಕೆ:
ಸಿಪ್ಪೆ ಪುಡಿ ಕರಗಿ ಬೇರಿಗೆ ಸಿಗುವ ಹೊತ್ತಿಗೆ ಈ ಬೆಳೆ ಮುಗಿದಿರುತ್ತದೆ. ಎಲೆ ಅಡಿಕೆಗೆ ಹಾಕುವ ಸುಣ್ಣ ಕೂಡ ಬೇಡ, ನಮ್ಮ ಕಡೆ ಮಣ್ಣಿನಲ್ಲಿ ಮೊದಲೇ ಸುಣ್ಣದ ಅಂಶ ಜಾಸ್ತಿ.

ಡ್ರಿಪ್_ಮಾಸ್ತರ:
ಎಲ್ಲರೂ ಸುತ್ತಿ ಬಳಸಿ ಮಾತಾಡುತ್ತಿದ್ದೀರಿ. ಕೈಯಲ್ಲಿ ಮಗ್ ಹಿಡಿದು ನೀರು ಹಾಕಿದರೆ ಹೀಗೇ ಆಗೋದು. ಒಂದು ದಿನ ಜಾಸ್ತಿ, ಒಂದು ದಿನ ಕಡಿಮೆ. ನನ್ನ ಮಾಳಿಗೆಯಲ್ಲಿ 16 ಎಂಎಂ ಪೈಪ್ ಎಳೆದು, ಬ್ಯಾಗ್‌ಗೆ ಒಂದರಂತೆ ಗಂಟೆಗೆ 2 ಲೀಟರ್ ಡ್ರಿಪ್ಪರ್ ಹಾಕಿದ್ದೇನೆ. ಟೈಮರ್ ಇದೆ, ಸ್ಕ್ರೀನ್ ಫಿಲ್ಟರ್ ಇದೆ. ಬೆಳಿಗ್ಗೆ 6ಕ್ಕೆ ತಾನೇ ಆನ್ ಆಗುತ್ತದೆ, ನಾನು ಇನ್ನೂ ಹಾಸಿಗೆಯಲ್ಲಿ ಇರುತ್ತೇನೆ. ಮೇಲೆ 50 ಪರ್ಸೆಂಟ್ ಶೇಡ್ ನೆಟ್. ಚೌಕಟ್ಟಿಗೆ ಜಿಐ ಪೈಪ್, ವೆಲ್ಡಿಂಗ್ ಅಲ್ಲ, ಎಲ್ಲ ಕ್ಲಾಂಪ್. ಬೇಕಾದಾಗ ಬಿಚ್ಚಬಹುದು.

ಕರಿಬೇವು_ನಿಟ್ಟುವಳ್ಳಿ:
ಮಂಗಗಳು ಬಂದರೆ ನಿಮ್ಮ ನೆಟ್ ಗತಿ?

ಡ್ರಿಪ್_ಮಾಸ್ತರ:
ಒಂದು ಸಲ ಹರಿದವು. ಈಗ ಕೆಳಗೆ ಮೆಶ್ ಹಾಕಿಸಿದ್ದೇನೆ. ಖರ್ಚು ಕೇಳಬೇಡಿ.

ಬಾಳೆತೋಟ_ಹರಿಹರ:
ಶೇಡ್ ನೆಟ್ ಹಾಕಿದರೆ ಟೊಮೆಟೊ ಹೂವೇ ಬಿಡುವುದಿಲ್ಲ.

ಡ್ರಿಪ್_ಮಾಸ್ತರ:
ಏಪ್ರಿಲ್ ಬಿಸಿಲಿಗೆ ಇಲ್ಲಿ ನೆಟ್ ಹಾಕದಿದ್ದರೂ ಬಿಡುವುದಿಲ್ಲ, ಬಿಟ್ಟದ್ದು ಉದುರುತ್ತದೆ. ಬಂದು ನೋಡಿ ಬೇಕಿದ್ದರೆ. ಕಾಫಿ ಕೊಡುತ್ತೇನೆ, ಬೆಣ್ಣೆ ದೋಸೆ ನಿಮ್ಮ ಖರ್ಚು.

ದುರ್ಗದ_ಕಲ್ಲುಮಣ್ಣು:
ದೋಸೆ ಆಮೇಲೆ. ಹೊಸಮನೆ ಮೇಡಂ, ನಾನು ಕೇಳಿದ್ದಕ್ಕೆ ಅರ್ಧ ಉತ್ತರ ಕೊಟ್ಟಿದ್ದೀರಿ. ಟ್ಯಾಂಕ್ ನೀರು ಅಂದರೆ ಟ್ಯಾಂಕ್‌ಗೆ ಎಲ್ಲಿಂದ ಬರುತ್ತದೆ? ಕಾರ್ಪೊರೇಷನ್ ನಲ್ಲಿಯಾ, ಬೋರಾ? ಇನ್ನೊಂದು, ಬ್ಯಾಗ್ ಅಂಚಿನಲ್ಲಿ ಬಿಳಿ ಪುಡಿ ಕಟ್ಟಿದೆಯಾ? ನೀರು ಹಾಕಿದ ಕೂಡಲೇ ಇಂಗುತ್ತದಾ, ಮೇಲೆ ನಿಲ್ಲುತ್ತದಾ? ಚೆನ್ನಾಗಿರುವ ಗಿಡ ಒಂದಾದರೂ ಇದೆಯಾ?

ಹೊಸಮನೆ_ದಾವಣಗೆರೆ:
ಬೋರ್ ನೀರು ಸರ್. ನಮ್ಮದು ಹೊಸ ಲೇಔಟ್, ಕಾರ್ಪೊರೇಷನ್ ಲೈನ್ ಕುಡಿಯುವುದಕ್ಕೆ ಮಾತ್ರ, ಅದೂ ಬಂದಾಗ ಬಂತು. ಬಿಳಿ ಪುಡಿ ಹೌದು, ಉಂಗುರದ ಹಾಗೆ ಕಟ್ಟಿದೆ. ಗೊಬ್ಬರದ್ದು ಅಂದುಕೊಂಡಿದ್ದೆ. ನೀರು ಈಗೀಗ ಮೇಲೇ ನಿಲ್ಲುತ್ತದೆ. ಕಡ್ಡಿಯಲ್ಲಿ ಕೆದಕಿದರೆ ಒಳಗೆ ಮಣ್ಣು ಗಟ್ಟಿ. ಚೆನ್ನಾಗಿರುವುದು ಪಾಲಕ್ ಒಂದೇ. ಅದು ಮಾತ್ರ ದಂಡಿಯಾಗಿ ಬರುತ್ತಿದೆ, ವಾರಕ್ಕೆ ಎರಡು ಸಲ ಸಾರು.

ದುರ್ಗದ_ಕಲ್ಲುಮಣ್ಣು:
ಪಾಲಕ್ ಚೆನ್ನಾಗಿದೆ, ಬೀನ್ಸ್ ಎಲ್ಲಕ್ಕಿಂತ ಮೊದಲು ಹೋಯಿತು. ಇದನ್ನು ಮೊದಲೇ ಹೇಳಿದ್ದರೆ ಇಷ್ಟು ಬೂದಿ ಹಾರುತ್ತಿರಲಿಲ್ಲ. ಇದು ಉಪ್ಪು. ತರಕಾರಿಗಳಲ್ಲಿ ಉಪ್ಪು ತಡೆಯದೇ ಇರುವುದರಲ್ಲಿ ಬೀನ್ಸ್ ಮೊದಲು. ನಿಂಬೆ ಜಾತಿಯೂ ಅಷ್ಟೇ. ನಮ್ಮ ಪಾಲಕ್ ಬೀಟ್‌ರೂಟ್ ಕುಲದ್ದು, ಅದಕ್ಕೆ ಉಪ್ಪು ಲೆಕ್ಕಕ್ಕಿಲ್ಲ. ಮಳೆಗಾಲದಲ್ಲಿ ಚೆನ್ನಾಗಿತ್ತು ಅಂದಿರಲ್ಲ, ಮಳೆ ನೀರು ಉಪ್ಪನ್ನು ತೊಳೆದು ಕೆಳಗೆ ಇಳಿಸುತ್ತಿತ್ತು. ಮಳೆ ನಿಂತಿತು, ಕೂಡುತ್ತಾ ಹೋಯಿತು.

ಬಾಳೆತೋಟ_ಹರಿಹರ:
ಬೋರ್ ನೀರಿನಲ್ಲಿ ಜಿಲ್ಲೆಗೆ ಜಿಲ್ಲೆಯೇ ತರಕಾರಿ ಬೆಳೆಯುತ್ತದೆ. ಎಲ್ಲರದ್ದೂ ಸುಟ್ಟಿದೆಯಾ? ಹಳೇ ಎಲೆ ಅಂಚು ಅಂದರೆ ಪೊಟ್ಯಾಷ್, ನಾನು ಈಗಲೂ ಅದನ್ನೇ ಹೇಳುತ್ತೇನೆ.

ಹೊಸಮನೆ_ದಾವಣಗೆರೆ:
ಸರ್, ನೀರಿನ ಸಮಸ್ಯೆ ಇರಲಾರದು. ಬೋರ್ ನೀರು ಗಡಸು ಅಂತ ಗೊತ್ತಿತ್ತು, ಗೃಹಪ್ರವೇಶಕ್ಕೆ ಮೊದಲೇ ಸಾಫ್ಟ್‌ನರ್ ಹಾಕಿಸಿದ್ದೇವೆ. ಇಡೀ ಮನೆಗೆ ಅದೇ ನೀರು, ಮಾಳಿಗೆ ನಲ್ಲಿಗೂ ಅದೇ. ಬಕೆಟ್‌ನಲ್ಲಿ ಬಿಳಿ ಕಲೆ ಇಲ್ಲ, ಸೋಪು ಎಷ್ಟು ಚೆನ್ನಾಗಿ ನೊರೆ ಬರುತ್ತದೆ ಗೊತ್ತಾ?

ದುರ್ಗದ_ಕಲ್ಲುಮಣ್ಣು:
ಸಿಕ್ಕಿತು.

ಆ ಸಾಫ್ಟ್‌ನರ್‌ಗೆ ತಿಂಗಳಿಗೆ ಎಷ್ಟು ಉಪ್ಪು ಸುರಿಯುತ್ತೀರಿ?

ಹೊಸಮನೆ_ದಾವಣಗೆರೆ:
25 ಕೆಜಿ ಚೀಲ ಒಂದು ಹೋಗುತ್ತದೆ. ಮಷೀನ್ ತೊಳೆಯಲಿಕ್ಕೆ ಅಲ್ವಾ ಅದು?

ದುರ್ಗದ_ಕಲ್ಲುಮಣ್ಣು:
ಬರೀ ತೊಳೆಯಲಿಕ್ಕಲ್ಲ. ಒಳಗೆ ರೆಸಿನ್ ಅಂತ ಸಣ್ಣ ಹಳದಿ ಮಣಿಗಳಿರುತ್ತವೆ. ಅವು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಷಿಯಂ ಹಿಡಿದುಕೊಂಡು ಅದರ ಬದಲಿಗೆ ಸೋಡಿಯಂ ಬಿಡುತ್ತವೆ. ಮಣಿಗಳಲ್ಲಿ ಸೋಡಿಯಂ ಖಾಲಿಯಾದಾಗ ಉಪ್ಪು ನೀರು ಹಾಯಿಸಿ ಮತ್ತೆ ತುಂಬಿಸುತ್ತಾರೆ. ಅಂದರೆ ಟೊಮೆಟೊಗೆ ಬೇಕಾದ ಕ್ಯಾಲ್ಸಿಯಂ ಮಷೀನ್‌ನಲ್ಲೇ ಉಳಿಯಿತು, ಬೇಡದ ಸೋಡಿಯಂ ಬ್ಯಾಗ್‌ಗೆ ಬಂತು. ಕಾಯಿಯ ತಳ ಕಪ್ಪಾಗುವುದಕ್ಕೂ ಇದೇ ದಾರಿ. ಸೋಡಿಯಂ ಜಾಸ್ತಿಯಾದರೆ ಮಣ್ಣಿನ ಕಣ ಬಿಡಿಬಿಡಿಯಾಗಿ ಸಂದು ಮುಚ್ಚಿಕೊಳ್ಳುತ್ತವೆ. ಅದಕ್ಕೇ ನೀರು ಇಂಗುತ್ತಿಲ್ಲ.

ಡ್ರಿಪ್_ಮಾಸ್ತರ:
ಇದನ್ನು ನಾನು ಒಪ್ಪಲ್ಲ. ನಮ್ಮಲ್ಲೂ ಸಾಫ್ಟ್‌ನರ್ ಇದೆ. ಟಿಡಿಎಸ್ ಮೀಟರ್ ಇಟ್ಟು ನೋಡಿದ್ದೇನೆ, ಮೊದಲೂ 850, ಆಮೇಲೂ 850. ಉಪ್ಪು ಸೇರಿದ್ದರೆ ಏರಬೇಕಿತ್ತಲ್ಲ? ಸಾಫ್ಟ್ ನೀರು ಇಲ್ಲದಿದ್ದರೆ ನನ್ನ ಡ್ರಿಪ್ಪರ್ ಎಲ್ಲ ಸುಣ್ಣ ಕಟ್ಟಿ ಮುಚ್ಚಿ ಹೋಗುತ್ತವೆ.

ದುರ್ಗದ_ಕಲ್ಲುಮಣ್ಣು:
ಟಿಡಿಎಸ್ ಮೀಟರ್ ಒಟ್ಟು ಎಷ್ಟು ಕರಗಿದೆ ಅಂತ ತೋರಿಸುತ್ತದೆ, ಏನು ಕರಗಿದೆ ಅಂತ ಹೇಳುವುದಿಲ್ಲ. ಒಂದು ಹೋಗಿ ಇನ್ನೊಂದು ಬಂದರೆ ಲೆಕ್ಕ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಡ್ರಿಪ್ಪರ್‌ಗೆ ಸಾಫ್ಟ್ ನೀರು ಒಳ್ಳೇದು, ನಿಜ. ಬೇರಿಗೆ ಒಳ್ಳೇದಲ್ಲ. ನಿಮ್ಮ ಬ್ಯಾಗ್‌ನಲ್ಲಿ ಬೀನ್ಸ್ ಇದೆಯಾ?

ಡ್ರಿಪ್_ಮಾಸ್ತರ:
ಬೀನ್ಸ್ ಇಲ್ಲ. ನಮ್ಮದು ಸೊಪ್ಪು, ಮೂಲಂಗಿ, ಬೀಟ್‌ರೂಟ್. ಬೀನ್ಸ್ ನಮಗೆ ಯಾವತ್ತೂ ಸರಿ ಬಂದಿಲ್ಲ, ಬೀಜ ಸರಿ ಇಲ್ಲ ಅಂತ ಬಿಟ್ಟೆ.

ದುರ್ಗದ_ಕಲ್ಲುಮಣ್ಣು:
:)

ಹೊಳಲ್ಕೆರೆ_ಅಡಿಕೆ:
ಕಲ್ಲುಮಣ್ಣು ಹೇಳಿದ್ದು ಸರಿ. ಆದರೆ ಸಾಫ್ಟ್‌ನರ್ ಬಿಟ್ಟು ನೇರ ಬೋರ್ ನೀರು ಹಾಕಿದರೂ ಅದೂ ಉಪ್ಪು ನೀರೇ ಆಗಿದ್ದರೆ? ಮೊದಲು ಪರೀಕ್ಷೆ ಮಾಡಿಸಲಿ. ದಾವಣಗೆರೆಯವರಿಗೆ ತರಳಬಾಳು ಕೃಷಿ ವಿಜ್ಞಾನ ಕೇಂದ್ರ ಇದೆ, ಚಿತ್ರದುರ್ಗ ಕಡೆಯವರಿಗೆ ಹಿರಿಯೂರಿನ ಬಬ್ಬೂರು ಫಾರಂ. ಮಣ್ಣು, ನೀರು ಎರಡಕ್ಕೂ ಅಲ್ಲಿ ವಿಚಾರಿಸಿ. ರಿಪೋರ್ಟ್‌ನಲ್ಲಿ ಇಸಿ ನೋಡಿ, ಅಂದರೆ ಕರಗಿದ ಉಪ್ಪು ಎಷ್ಟಿದೆ ಅಂತ ತೋರಿಸುವ ಅಳತೆ. ನೀರಿನ ಇಸಿ 0.7ರ ಕೆಳಗಿದ್ದರೆ ಯೋಚನೆ ಇಲ್ಲ. 3 ದಾಟಿದರೆ ಆ ನೀರಿನಲ್ಲಿ ತರಕಾರಿ ಆಸೆ ಬಿಡಿ. ನಡುವೆ ಇದ್ದರೆ ಬೆಳೆ ನೋಡಿ ಹಾಕಬೇಕು. ಮಾಸ್ತರರ 850 ಟಿಡಿಎಸ್ ಅಂದರೆ ಇಸಿ ಸುಮಾರು 1.3, ಬೀನ್ಸ್‌ಗೆ ಅದೇ ಜಾಸ್ತಿ. ಇಸಿ ಜೊತೆ ಸೋಡಿಯಂ ಪ್ರಮಾಣವನ್ನೂ ಬರೆದುಕೊಡಲು ಹೇಳಿ.

ಹೊಸಮನೆ_ದಾವಣಗೆರೆ:
ಸರಿ ಸರ್. ಈಗ ಇರುವ ಮಣ್ಣು ಎಸೆಯಬೇಕಾ? ಮೂರನೇ ಮಹಡಿಗೆ ಹೊತ್ತು ತಂದದ್ದು, ಕೆಳಗೆ ಇಳಿಸು ಅಂದರೆ ಮನೆಯವರು ಮನೆ ಬಿಟ್ಟು ಹೋಗುತ್ತಾರೆ.

ದುರ್ಗದ_ಕಲ್ಲುಮಣ್ಣು:
ಎಸೆಯಬೇಡಿ. ಬೋರ್ ಪೈಪ್ ಸಾಫ್ಟ್‌ನರ್‌ಗೆ ಸೇರುವ ಮೊದಲೇ ಒಂದು ಟೀ ಜಾಯಿಂಟ್ ಹಾಕಿಸಿ, ಮಾಳಿಗೆಗೆ ಬೇರೆ ಲೈನ್ ತೆಗೆಸಿ. ಮಷೀನ್ ಪಕ್ಕ ಬೈಪಾಸ್ ವಾಲ್ವ್ ಇರುತ್ತದೆ, ಆದರೆ ದಿನಾ ಅದನ್ನು ತಿರುಗಿಸುತ್ತಾ ಕೂರುವುದು ಆಗದ ಮಾತು. ಬ್ಯಾಗ್ ಮೇಲಿನ ಬಿಳಿ ಪದರ ಕೆರೆದು ತೆಗೆಯಿರಿ. ಬ್ಯಾಗ್‌ಗೆ ಒಂದು ಹಿಡಿ ಜಿಪ್ಸಂ ಮೇಲ್ಮಣ್ಣಿಗೆ ಕಲಸಿ. ಗೊಬ್ಬರದ ಅಂಗಡಿಯಲ್ಲಿ ಸಿಗುವ ಕೃಷಿ ಜಿಪ್ಸಂ ಕೇಳಿ, ಫಾಲ್ಸ್ ಸೀಲಿಂಗ್‌ದು ಅಲ್ಲ. ಜಿಪ್ಸಂನ ಕ್ಯಾಲ್ಸಿಯಂ ಸೋಡಿಯಂನ ಜಾಗಕ್ಕೆ ಕೂರುತ್ತದೆ, ಸೋಡಿಯಂ ನೀರಿನ ಜೊತೆ ಕೆಳಗೆ ಇಳಿಯುತ್ತದೆ. ಇಳಿಯಬೇಕಾದರೆ ನೀರು ಧಾರಾಳ ಬೇಕು. ಬ್ಯಾಗ್ ಎಷ್ಟು ಲೀಟರೋ ಅದರ ಎರಡು ಪಟ್ಟು ನೀರು, ನಿಧಾನವಾಗಿ, ತಳದಿಂದ ಹರಿದು ಹೋಗುವ ಹಾಗೆ. ತಳದ ತೂತು ಮುಚ್ಚಿದ್ದರೆ ಮೊದಲು ಬಿಡಿಸಿ. ಹರಿದ ನೀರು ತಟ್ಟೆಯಲ್ಲಿ ನಿಲ್ಲಬಾರದು. ಈ ಒಂದು ಸಲಕ್ಕೆ ಕಾರ್ಪೊರೇಷನ್ ನೀರು ಸಿಕ್ಕರೆ ಬಹಳ ಒಳ್ಳೇದು. ಸುಟ್ಟ ಎಲೆ ಹಸಿರಾಗುವುದಿಲ್ಲ, ಹೊಸ ಚಿಗುರು ನೋಡಿ.

ಕರಿಬೇವು_ನಿಟ್ಟುವಳ್ಳಿ:
ಕಾರ್ಪೊರೇಷನ್‌ನವರು ಬಿಡುವ ಕುಂದವಾಡ ಕೆರೆ ನೀರನ್ನು ಗಿಡಕ್ಕೆ ಸುರಿಯೋದಾ? ಬೇಸಿಗೆಯಲ್ಲಿ ನಮಗೆ ಕುಡಿಯೋಕೇ ಸಾಲದು.

ದುರ್ಗದ_ಕಲ್ಲುಮಣ್ಣು:
ಒಂದು ಸಲಕ್ಕೆ ಅಂದೆ ಅಕ್ಕಾ. ಅಕ್ಕಿ, ಬೇಳೆ ತೊಳೆದದ್ದೂ ಆಗುತ್ತದೆ, ಸಾಫ್ಟ್‌ನರ್ ನಲ್ಲಿಯದ್ದು ಆಗಿರದಿದ್ದರೆ.

ಬಾಳೆತೋಟ_ಹರಿಹರ:
ಜಿಪ್ಸಂ ಜೊತೆ ಸ್ವಲ್ಪ ಬೂದಿಯೂ ಇರಲಿ.

ಹೊಳಲ್ಕೆರೆ_ಅಡಿಕೆ:
ಅಣ್ಣಾ ಬೇಡ ಅಂದರೆ ಬೇಡ! ಕ್ಷಾರದ ಮೇಲೆ ಕ್ಷಾರ.

ಹೊಸಮನೆ_ದಾವಣಗೆರೆ:
ಬಹಳ ದಿನ ಆಯಿತು, ಕ್ಷಮಿಸಿ. ಪ್ಲಂಬರ್ ಇವತ್ತು ಬರುತ್ತೇನೆ ನಾಳೆ ಬರುತ್ತೇನೆ ಅಂತ ಸತಾಯಿಸಿದ. ಈಗ ಮಾಳಿಗೆಗೆ ಬೇರೆ ಲೈನ್ ಆಗಿದೆ. ಜಿಪ್ಸಂ ಹಾಕಿ ನೀರು ಬಿಟ್ಟೆ, ತಳದಿಂದ ಬಂದ ನೀರು ಮೊದಲು ಚಹಾ ಬಣ್ಣದಲ್ಲಿತ್ತು, ಆಮೇಲೆ ತಿಳಿಯಾಯಿತು. ಮುಳಗಾಯಿಗೆ ಹೊಸ ಎಲೆ ಬಂದಿದೆ, ಅಂಚು ಹಸಿರಾಗೇ ಇದೆ. ಬೀನ್ಸ್ ಕಿತ್ತು ಹೊಸ ಬೀಜ ಹಾಕಿದ್ದೇನೆ. ನಿಂಬೆ ಇನ್ನೂ ಹಾಗೇ ನಿಂತಿದೆ. ಆದರೆ ನಡುವೆ ಒಂದೆರಡು ಅಡ್ಡಮಳೆ ಜೋರಾಗಿ ಬಂದವು. ಯಾವುದರಿಂದ ಸರಿ ಹೋಯಿತೋ ಹೇಳಲಾರೆ. ನೀರಿನ ರಿಪೋರ್ಟ್ ಇನ್ನೂ ಬಂದಿಲ್ಲ.

ಬಾಳೆತೋಟ_ಹರಿಹರ:
ಬೂದಿ ಹಾಕಿದ್ದಿರಾ ಇಲ್ವಾ, ಅದನ್ನು ಹೇಳಿ.

ಹೊಸಮನೆ_ದಾವಣಗೆರೆ:
ಮೊದಲು ಎರಡು ಹಿಡಿ ಹಾಕಿದ್ದೆ ಅಣ್ಣಾ.

ಬಾಳೆತೋಟ_ಹರಿಹರ:
ಅಲ್ಲಿಗೆ ಮಾತು ಮುಗಿಯಿತು.

ದುರ್ಗದ_ಕಲ್ಲುಮಣ್ಣು:
ಮುಗಿಯಲಿಲ್ಲ. ಮಳೆ ಬಂದರೂ ಉಪ್ಪೇ ತೊಳೆಯುವುದು. ಚಿಗುರು ಮುಂದಿನ ತಿಂಗಳೂ ಹಾಗೇ ಇದ್ದರೆ ಬಂದು ಹೇಳಿ ಮೇಡಂ. ರಿಪೋರ್ಟ್ ಬಂದರೆ ಅಂಕಿ ಹಾಕಿ.

ಡ್ರಿಪ್_ಮಾಸ್ತರ:
ನೇರ ಬೋರ್ ನೀರಿಗೆ ಡ್ರಿಪ್ಪರ್ ಕಟ್ಟಿಕೊಳ್ಳದ ಹಾಗೆ ಏನು ಮಾಡಬಹುದು? ಆಸಿಡ್ ಬಿಡಬೇಕು ಅನ್ನುತ್ತಾರೆ, ಮಾಳಿಗೆಯಲ್ಲಿ ಮಕ್ಕಳು ಓಡಾಡುತ್ತಾರೆ. ನನ್ನ ಹತ್ತಿರ ಬಿಚ್ಚಿ ತೊಳೆಯುವ ತರದ ಡ್ರಿಪ್ಪರ್ ಇಲ್ಲ. ಸುಮ್ನೆ ಕೇಳುತ್ತಿದ್ದೇನೆ, ಬದಲಾಯಿಸುತ್ತೇನೆ ಅಂತಲ್ಲ.

ವೇದಾವತಿ_ಹಿರಿಯೂರು:
ಈ ಚರ್ಚೆ ಈಗ ನೋಡಿದೆ. ನಮ್ಮ ಮನೆಯಲ್ಲೂ ಸಾಫ್ಟ್‌ನರ್ ನೀರೇ, ಜೊತೆಗೆ ಆರ್‌ಒ ಮಷೀನ್‌ನ ವೇಸ್ಟ್ ನೀರನ್ನೂ ಗಿಡಕ್ಕೇ ಹಾಕುತ್ತೇವೆ. ದಾಳಿಂಬೆ, ದಾಸವಾಳ ನೆಲದಲ್ಲಿವೆ, ಚೆನ್ನಾಗೇ ಇವೆ. ಬ್ಯಾಗ್‌ನಲ್ಲಿರುವ ಮೆಣಸಿನಕಾಯಿ ಮಾತ್ರ ಎಲೆ ಮುದುಡಿ ಮೇಲಕ್ಕೆ ಸುರುಳಿಯಾಗುತ್ತಿದೆ. ಇದೂ ಉಪ್ಪೇನಾ, ಇಲ್ಲ ನುಸಿಯಾ?