ಹತ್ತು ದಿನಕ್ಕಷ್ಟೇ ಇಡೋದಾದರೂ ಬೋನು ಎಷ್ಟು ದೊಡ್ಡದಿರಬೇಕು?

ಪ್ರಶ್ನೆ:
ನಾವು ನಾಲ್ಕು ಜನ ಸೇರಿ, ಗಾಯಗೊಂಡ ನಾಯಿ ಬೆಕ್ಕುಗಳನ್ನು ಚೇತರಿಸಿಕೊಳ್ಳುವ ತನಕ ಇಟ್ಟು ನೋಡಿಕೊಳ್ಳುತ್ತೇವೆ. ಹತ್ತು ದಿನ, ಹೆಚ್ಚೆಂದರೆ ಮೂರು ವಾರ. ಅಷ್ಟಕ್ಕೆ ಎರಡಡಿ ಅಗಲ, ಎರಡೂವರೆ ಅಡಿ ಉದ್ದದ ಬೋನು ಸಾಕು ಅಂದುಕೊಂಡಿದ್ದೆವು. ಮೊನ್ನೆ ಬಂದ ಹೆಣ್ಣು ಬೆಕ್ಕು ಲಿಟರ್ ಟ್ರೇ (ಮಲಮೂತ್ರಕ್ಕೆಂದು ಇಟ್ಟ ತಟ್ಟೆ) ಒಳಗೇ ಮುದುರಿ ಕೂತಿದೆ, ಎರಡು ದಿನದಿಂದ ಬಾಯಿಗೆ ಏನೂ ಇಟ್ಟಿಲ್ಲ. ಎದುರಿಗೇ ಮೂರು ನಾಯಿಗಳಿವೆ. ತಾತ್ಕಾಲಿಕವಾಗಿ ಇಡುವುದಕ್ಕೂ ಇಷ್ಟೇ ಇರಬೇಕು ಅನ್ನೋ ಅಳತೆ ಇದೆಯಾ?

ಉತ್ತರ 1:
ಮೊದಲು ಆ ಬೆಕ್ಕನ್ನು ಇವತ್ತೇ ವೈದ್ಯರಿಗೆ ತೋರಿಸಿ. ಎರಡು ಮೂರು ದಿನ ತಿನ್ನದಿದ್ದರೆ ಬೆಕ್ಕಿನ ಲಿವರ್‌ನಲ್ಲಿ ಕೊಬ್ಬು ತುಂಬಿಕೊಳ್ಳಲು ಶುರುವಾಗಬಹುದು, ದಪ್ಪಗಿರುವ ಬೆಕ್ಕಿಗಂತೂ ಈ ಅಪಾಯ ಹೆಚ್ಚು.

ಪ್ರಾಣಿ ಆಶ್ರಯವೊಂದರಲ್ಲಿ ಒಂಬತ್ತು ವರ್ಷ ಬೆಕ್ಕುಗಳ ವಿಭಾಗ ನೋಡಿಕೊಂಡವಳು ನಾನು. ಟ್ರೇಯಲ್ಲಿ ಕೂತ ಬೆಕ್ಕನ್ನು ಕಂಡು "ಇದರ ಸ್ವಭಾವವೇ ಹಾಗೆ" ಅಂತ ಮೊದಲ ವರ್ಷ ನಾನೂ ಬರೆದಿಟ್ಟಿದ್ದೇನೆ. ಸ್ವಭಾವ ಅಲ್ಲ ಅದು. ಆ ಬೋನಿನಲ್ಲಿ ಅದಕ್ಕೆ ಮರೆ ಅಂತ ಸಿಕ್ಕಿದ್ದು ಟ್ರೇಯ ಅಂಚು ಒಂದೇ. ಒಂದು ರಟ್ಟಿನ ಡಬ್ಬವನ್ನು ಮಗ್ಗುಲಾಗಿ ಇಡಿ, ಬೋನಿನ ಮುಂಭಾಗದ ಅರ್ಧಕ್ಕೆ ಬಟ್ಟೆ ಇಳಿಬಿಡಿ. ನಾಯಿಗಳು ಕಣ್ಣಿಗೆ ಬೀಳಬಾರದು, ಆದಷ್ಟೂ ಕಿವಿಗೂ ಬೀಳಬಾರದು. ಬೋನನ್ನು ನೆಲದ ಮೇಲಿಡದೆ ಎತ್ತರದಲ್ಲಿಡಿ.

ಅಳತೆ ಕೇಳಿದಿರಿ. ಆಶ್ರಯಗಳ ಪಶುವೈದ್ಯರ ಅಮೆರಿಕದ ಸಂಘ ತನ್ನ ಮಾರ್ಗಸೂಚಿಯಲ್ಲಿ ಒಂದು ಬೆಕ್ಕಿಗೆ ಸುಮಾರು 11 ಚದರ ಅಡಿ ನೆಲ ಹೇಳುತ್ತದೆ. ನಿಮ್ಮ ಬೋನು ಐದು ಚದರ ಅಡಿ. ಊಟದ ತಟ್ಟೆ, ಮಲಗುವ ಜಾಗ, ಟ್ರೇ ಮೂರರ ನಡುವೆ ಎರಡಡಿ ಅಂತರ ಬೇಕು ಅಂತಲೂ ಇದೆ. ನಿಮ್ಮಲ್ಲಿ ಅದು ಸಾಧ್ಯವೇ ಇಲ್ಲ. ಎರಡು ಬೋನು ಅಕ್ಕಪಕ್ಕ ಇಟ್ಟು, ನಡುವಿನ ಜಾಲರಿಯಲ್ಲಿ ಬೆಕ್ಕು ದಾಟುವಷ್ಟು ಕಂಡಿ ಮಾಡಿಸಿ. ಒಂದರಲ್ಲಿ ಟ್ರೇ, ಇನ್ನೊಂದರಲ್ಲಿ ಊಟ, ಹಾಸಿಗೆ. ಗಲೀಜಾದ ಕಡೆ ತೊಳೆಯುವಾಗ ಬೆಕ್ಕು ಇನ್ನೊಂದು ಕಡೆ ಇರುತ್ತದೆ, ಹಿಡಿದು ಎಳೆಯುವ ಪ್ರಮೇಯವೇ ಬರುವುದಿಲ್ಲ.

"ಕೆಲವೇ ದಿನ ತಾನೇ" ಅನ್ನುವ ಮಾತು ನನಗೆ ಹಿಡಿಸುವುದಿಲ್ಲ. ಬಂದ ಮೊದಲ ದಿನಗಳೇ ಪ್ರಾಣಿಗೆ ಅತಿ ಕಷ್ಟದವು. ಆ ಒತ್ತಡಕ್ಕೇ ಮೈಯೊಳಗೆ ಅಡಗಿದ್ದ ಹರ್ಪಿಸ್ ವೈರಸ್ ಎದ್ದು, ಚೆನ್ನಾಗಿದ್ದ ಬೆಕ್ಕಿಗೆ ಸೀನು, ಕಣ್ಣಿನ ಪಿಸುರು ಶುರುವಾಗುತ್ತದೆ.

ಉತ್ತರ 2:
ನಾಯಿಗಳ ಬಗ್ಗೆ ಒಂದು ಮಾತು. ಹೊಸದಾಗಿ ಬಂದದ್ದನ್ನು ಹಳೆಯವುಗಳ ಜೊತೆ ಬಿಡಬೇಡಿ. ನಾಯಿಗಳಿಗೆ ವಾಂತಿ, ರಕ್ತಭೇದಿ ತರುವ ಪಾರ್ವೊ ವೈರಸ್‌ನ ಸೋಂಕು ತಗುಲಿದ ಮೇಲೆ ಲಕ್ಷಣ ಕಾಣಿಸಲು ಎರಡು ವಾರವೂ ಹಿಡಿಯಬಹುದು. ಆ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ಮಾಮೂಲಿ ಫಿನಾಯಿಲ್ ನಂಬಬೇಡಿ. ಮೊದಲು ಸೋಪು ಹಾಕಿ ಉಜ್ಜಿ ತೊಳೆದು, ಆಮೇಲೆ ಒಂದು ಪಾಲು ಮನೆಬಳಕೆಯ ಬ್ಲೀಚಿಗೆ 32 ಪಾಲು ನೀರು ಬೆರೆಸಿ ಹತ್ತು ನಿಮಿಷ ಬಿಡಿ. ಮೂತ್ರದ ಮೇಲೆ ನೇರವಾಗಿ ಬ್ಲೀಚ್ ಸುರಿಯಬೇಡಿ, ಏಳುವ ಹೊಗೆ ಉಸಿರಿಗೆ ಕೆಟ್ಟದ್ದು.

ಪ್ರಶ್ನೆ ಕೇಳಿದವರು:
ವೈದ್ಯರಿಗೆ ತೋರಿಸಿದೆವು, ಔಷಧಿ ಕೊಟ್ಟಿದ್ದಾರೆ. ಬೆಕ್ಕನ್ನು ಸಾಮಾನಿಡುವ ಕೋಣೆಗೆ ಸಾಗಿಸಿ ಡಬ್ಬ ಇಟ್ಟೆವು. ರಾತ್ರಿ ಎರಡು ಚಮಚ ತಿಂದಿದೆ! ಆದರೆ ಹೀಗೆ ಜೋಡಿ ಬೋನು ಮಾಡಿದರೆ ಎಂಟರ ಜಾಗದಲ್ಲಿ ನಾಲ್ಕೇ ಬೆಕ್ಕು ಹಿಡಿಯುತ್ತವೆ. ಉಳಿದವನ್ನು ಏನು ಮಾಡೋದು?

ಉತ್ತರ 1:
ನಾಲ್ಕೇ ಇಟ್ಟುಕೊಳ್ಳಿ. ಬರೀ ತೊಳೆಯುವುದಕ್ಕೆ, ಊಟ ಹಾಕುವುದಕ್ಕೆ ಒಂದೊಂದು ಪ್ರಾಣಿಗೆ ದಿನಕ್ಕೆ 15 ನಿಮಿಷ ಅಂತ ಲೆಕ್ಕ ಹಿಡಿಯುತ್ತಾರೆ. ಎಂಟು ಬೆಕ್ಕಿಗೆ ಎರಡು ಗಂಟೆ, ನಾಯಿಗಳದ್ದು ಬೇರೆ, ಔಷಧಿ ಕೊಡುವುದು ಬೇರೆ. ನಿಮ್ಮ ನಾಲ್ವರಿಗೂ ಹೊರಗೆ ಕೆಲಸವಿದ್ದೀತು. ಉಳಿದವಕ್ಕೆ ಮನೆಯಲ್ಲಿ ಒಂದು ಕೋಣೆ ಬಿಟ್ಟುಕೊಡುವವರನ್ನು ಹುಡುಕಿ. ಬಚ್ಚಲುಮನೆಯಾದರೂ ಸರಿ, ಬೋನಿಗಿಂತ ವಾಸಿ. ಇಂದು ರಾತ್ರಿ ಎಷ್ಟು ತಿಂತು ಅಂತ ಬರೆಯಿರಿ, ಕಾಯ್ತಿರ್ತೀನಿ.