ಹಳ್ಳಿಯ ಹಳೆಯ ಶಾಲೆಯಲ್ಲಿನ ನಿಸರ್ಗ ಕೇಂದ್ರ: ಫಲಕಕ್ಕೆ ಯಾವ ಪದ?

ಬಲ್ಲವರಲ್ಲಿ ಒಂದು ವಿಚಾರಣೆ. ದೇವನಹಳ್ಳಿ ಕಡೆಯ ಒಂದು ಊರಿನಲ್ಲಿ, ಮಕ್ಕಳು ಹೊಸ ಕಟ್ಟಡಕ್ಕೆ ಹೋದ ಮೇಲೆ ಖಾಲಿ ಬಿದ್ದಿದ್ದ ಹಳೆಯ ಸರ್ಕಾರಿ ಶಾಲೆಯನ್ನು ಊರಿನವರೇ ದುರಸ್ತಿ ಮಾಡಿಸಿ, ಸುತ್ತಲಿನ ಕೆರೆ, ಗುಂಡುತೋಪು, ಹಕ್ಕಿ, ಮರಗಳನ್ನು ಪರಿಚಯಿಸುವ ತಾಣವಾಗಿ ಸಜ್ಜುಗೊಳಿಸುತ್ತಿದ್ದಾರೆ. ಅದರ ನಾಮಫಲಕದ ಒಕ್ಕಣೆಯನ್ನು ಬರೆದುಕೊಡುವ ಹೊಣೆ ಬೆಂಗಳೂರಿನಲ್ಲಿರುವ ನನ್ನ ಮೇಲೆ ಬಿದ್ದಿದೆ.

ಮೊದಲು ಹೊಳೆಯುವುದು ‘ಪ್ರಕೃತಿ ಕೇಂದ್ರ’. ಆದರೆ ನಮ್ಮ ನಗರದಲ್ಲಿ ಈ ಹೆಸರನ್ನು ಓದಿದವರಿಗೆ ಪ್ರಕೃತಿ ಚಿಕಿತ್ಸೆಯೇ ನೆನಪಾಗುತ್ತದೆ. ಮಣ್ಣಿನ ಪಟ್ಟಿ, ಉಗಿಸ್ನಾನಗಳನ್ನು ಕೇಳಿಕೊಂಡು ಜನ ಬಂದರೆ ಆಶ್ಚರ್ಯವಿಲ್ಲ. ‘ಪರಿಸರ’ ಎಂಬ ಪದಕ್ಕೆ ಸುತ್ತಮುತ್ತಲ ಜಾಗ ಎಂಬ ಅರ್ಥವಿದ್ದು, ‘ದೇವಸ್ಥಾನದ ಪರಿಸರ’ ಎನ್ನುವಾಗ ಅದು ಇನ್ನೂ ಉಳಿದಿದೆಯಾದರೂ, ಇಂದು ಆ ಪದ ಕೇಳಿದೊಡನೆ ಮನಸ್ಸಿಗೆ ಬರುವುದು ಮಾಲಿನ್ಯ, ಕಾನೂನು ಮತ್ತು ಜೂನ್ 5ರ ದಿನಾಚರಣೆ. ಕುಶಾಲನಗರದ ಬಳಿಯ ಕಾವೇರಿ ನಿಸರ್ಗಧಾಮದಿಂದಾಗಿ ‘ನಿಸರ್ಗ’ಕ್ಕೆ ವಿಹಾರದ ಛಾಯೆ ತುಸು ಅಂಟಿಕೊಂಡಿದ್ದರೂ, ಮೂರರಲ್ಲಿ ಅದೇ ಮೇಲೆಂದು ನನ್ನ ಅಭಿಪ್ರಾಯ.

‘ಕೇಂದ್ರ’ದ ವಿಷಯದಲ್ಲಿ ನನಗೆ ಹಿಂಜರಿಕೆಯಿತ್ತು. ಆರೋಗ್ಯ ಕೇಂದ್ರ, ರೈತ ಸಂಪರ್ಕ ಕೇಂದ್ರ ಎಂಬ ಬಳಕೆಗಳಿಂದ ಅದು ಅರ್ಜಿ ಹಿಡಿದು ಹೋಗುವ ಜಾಗದ ಹೆಸರಾಗಿಬಿಟ್ಟಿದೆ. ಆದರೆ ಪಂಚಾಯಿತಿ ಗ್ರಂಥಾಲಯಗಳ ಮೇಲೆ ‘ಅರಿವು ಕೇಂದ್ರ’ ಎಂದು ಬರೆದಿರುವುದನ್ನು ಹಳ್ಳಿಯ ಮಕ್ಕಳು ದಿನವೂ ಓದುತ್ತಿರುವುದರಿಂದ, ಓದುವ ಮತ್ತು ಕಲಿಯುವ ಜಾಗಕ್ಕೂ ಆ ಪದ ಈಗ ಒಗ್ಗುತ್ತದೆ.

ನಿಜವಾದ ತೊಡಕಿರುವುದು ಶಾಲೆಯನ್ನು ಸೂಚಿಸುವ ಪದದಲ್ಲಿ. ಅದು ಮಂಗಳೂರು ಹೆಂಚಿನ ಮಾಡು, ಮುಂದೆ ಕಲ್ಲುಚಪ್ಪಡಿ ಹಾಸಿದ ಜಗುಲಿ ಇರುವ ಎರಡು ಕೋಣೆಗಳ ಕಟ್ಟಡ. ಒಳಗೋಡೆಯಲ್ಲಿ ಗಾರೆ ಬಳಿದು ಕಪ್ಪು ಮಾಡಿದ ಹಲಗೆ ಗೋಡೆಗೇ ಸೇರಿಕೊಂಡಿದೆ. ಹಿಂದೆ ಕಾಗುಣಿತ ಬರೆಯುತ್ತಿದ್ದ ಅದರ ಮೇಲೆ ಈಗ ಮಕ್ಕಳು ಆ ದಿನ ಕೆರೆಯಲ್ಲಿ ಕಂಡ ಹಕ್ಕಿಗಳ ಹೆಸರು ಬರೆಯುತ್ತಾರೆ: ಮಿಂಚುಳ್ಳಿ, ಗೊರವಂಕ, ಪಿಕಳಾರ. ಪುಸ್ತಕ ಇಡುತ್ತಿದ್ದ ಗೋಡೆಗೂಡುಗಳಲ್ಲಿ ಉದುರಿಬಿದ್ದ ಗೀಜಗನ ಗೂಡು, ಹೊಂಗೆಕಾಯಿ, ಹುಣಸೆಬೀಜಗಳಿವೆ. ಹೀಗೆ ಇಲ್ಲಿ ಕಲಿಕೆ ನಿಂತಿಲ್ಲವಾದ್ದರಿಂದ ಶಾಲೆಯೆಂಬ ಗುರುತು ಹೆಸರಿನಲ್ಲಿ ಉಳಿಯಲೇಬೇಕು.

ಊರಿನ ಹಿರಿಯರೊಬ್ಬರು ‘ಮಠ’ ಎಂದು ಬರೆಯಬೇಕೆನ್ನುತ್ತಾರೆ. ಈ ಸೂಚನೆಗೆ ಆಧಾರವಿಲ್ಲದೆ ಇಲ್ಲ: ಅಮರಕೋಶ ‘ಮಠ’ವನ್ನು ವಿದ್ಯಾರ್ಥಿ ಮೊದಲಾದವರ ನೆಲೆ ಎಂದೇ ಹೇಳುತ್ತದೆ, ಹೆತ್ತವರು ಕೊಡುವ ಕೂಲಿಯಿಂದ ನಡೆಯುತ್ತಿದ್ದ ಕೂಲಿಮಠಗಳಲ್ಲಿ ಮಕ್ಕಳು ಮರಳಿನ ಮೇಲೆ ಅಕ್ಷರ ತಿದ್ದುತ್ತಿದ್ದರು. ಆದರೆ ಕೂಲಿಮಠ ನಡೆಯುತ್ತಿದ್ದುದು ಮನೆಯ ಜಗುಲಿಯಲ್ಲೋ ಗುಡಿಯ ಅಂಗಳದಲ್ಲೋ. ಇದು ಸರ್ಕಾರ ಕಟ್ಟಿಸಿದ ಶಾಲೆ. ಮೈಸೂರು ಸೀಮೆಯಲ್ಲಿ ಹೋಬಳಿಗೊಂದು ಶಾಲೆ ಇರಬೇಕೆಂದು 1868ರಲ್ಲಿ ಶಿಕ್ಷಣ ಇಲಾಖೆಯ ಅಧಿಕಾರಿಯಾಗಿದ್ದ ಬಿ. ಎಲ್. ರೈಸ್ ಅವರು ಯೋಜನೆ ಹಾಕಿದಂದಿನಿಂದ ‘ಹೋಬಳಿ ಶಾಲೆ’ ಎಂಬ ಪದವೂ ಇದೆ, ಆದರೆ ಹೋಬಳಿಯ ಕೇಂದ್ರವಲ್ಲದ ಊರಿಗೆ ಅದು ಸಲ್ಲದು. ‘ಪಾರಂಪರಿಕ ಶಾಲಾ ಕಟ್ಟಡ’ ಎನ್ನುವುದು ಕಡತದ ಭಾಷೆ.

‘ನಿಸರ್ಗ ಶಾಲೆ’ ಎಂದರೆ ಕಿವಿಗೆ ಹಿತವಾಗಿದೆ, ಚಿಕ್ಕದೂ ಹೌದು. ಆದರೆ ಬೆಂಗಳೂರಿನ ಸುತ್ತ ಖಾಸಗಿ ಶಾಲೆಗಳಿಗೆ ಇಂಥ ಹೆಸರುಗಳು ಸಾಮಾನ್ಯವಾಗಿರುವುದರಿಂದ, ಮಗುವಿಗೆ ಸೀಟು ಕೇಳಿಕೊಂಡು ಬರುವವರು ಇದ್ದೇ ಇರುತ್ತಾರೆ. ಆದ್ದರಿಂದ ಸದ್ಯಕ್ಕೆ ನಾನು ‘ಹಳೇಶಾಲೆ ನಿಸರ್ಗ ಕೇಂದ್ರ’ ಎಂದು ಬರೆದಿಟ್ಟುಕೊಂಡಿದ್ದೇನೆ. ಊರಿನವರು ಈಗಲೂ ಆ ಜಾಗವನ್ನು ಕರೆಯುವುದು ‘ಹಳೇ ಇಸ್ಕೂಲು’ ಎಂದೇ.

ನನ್ನ ಪ್ರಶ್ನೆಗಳು ಎರಡು. ಫಲಕದಲ್ಲಿ ‘ಹಳೇಶಾಲೆ’ ಎಂದು ಒಂದೇ ಪದವಾಗಿ ಬರೆದರೆ ಹಳೇಬೀಡು, ಹಳೇಪೇಟೆಗಳಂತೆ ಸ್ಥಳನಾಮವಾಗಿ ಸಲ್ಲುತ್ತದೆಯೇ, ಅಥವಾ ‘ಹಳೆಯ ಶಾಲೆ’ ಎಂದು ಬಿಡಿಸಿ ಬರೆಯುವುದೇ ಬರಹಕ್ಕೆ ತಕ್ಕದ್ದೇ? ಹಾಗೆಯೇ, ಶಾಲೆಯನ್ನು ‘ಸಾಲಿ’ ಎನ್ನುವ ಧಾರವಾಡದ ಕಡೆಯಲ್ಲಾಗಲಿ, ಕರಾವಳಿಯಲ್ಲಾಗಲಿ, ಬಳಕೆ ನಿಂತ ಶಾಲೆಯ ಕಟ್ಟಡಕ್ಕೆ ಜನರ ಬಾಯಲ್ಲಿ ಬೇರೆ ಹೆಸರಿದ್ದರೆ ದಯವಿಟ್ಟು ತಿಳಿಸಿ. ಬಣ್ಣ ಬಳಿಯುವವರಿಗೆ ಒಕ್ಕಣೆಯನ್ನು ಇನ್ನೂ ಕೊಟ್ಟಿಲ್ಲ.